ಹೆಣ್ಣುಮಕ್ಕಳ ಔಷಧ, ಸುಳ್ಳು ಲೇಬಲ್ಲು: ಗುರುತಿಸುವುದು ಹೇಗೆ, ದೂರು ಕೊಡುವುದು ಎಲ್ಲಿ

‘ಗರ್ಭಕೋಶದ ಗಡ್ಡೆ ಆಪರೇಷನ್ ಇಲ್ಲದೆ ಕರಗುತ್ತದೆ.’ ‘ಪಿಸಿಓಡಿ ಮೂರೇ ತಿಂಗಳಲ್ಲಿ ಬೇರುಸಮೇತ ವಾಸಿ.’ ‘ಬಿಳಿಸೆರಗು, ಸೊಂಟನೋವು, ಮುಟ್ಟಿನ ಏರುಪೇರು ಎಲ್ಲಕ್ಕೂ ಒಂದೇ ಸಿರಪ್, ಅಡ್ಡಪರಿಣಾಮ ಇಲ್ಲವೇ ಇಲ್ಲ.’ ಇಂಥ ಸಾಲುಗಳನ್ನು ಓದದವರು ಯಾರಿದ್ದಾರೆ? ಬಸ್ ನಿಲ್ದಾಣದ ಗೋಡೆಯಲ್ಲಿ, ಪತ್ರಿಕೆಯ ಕೆಳಮೂಲೆಯಲ್ಲಿ, ಬೆಳಗಿನ ಟಿವಿ ಕಾರ್ಯಕ್ರಮದಲ್ಲಿ, ಈಗ ಮೊಬೈಲಿನ ರೀಲ್ಸ್ ನಡುವೆಯೂ ಅವು ಇವೆ. ಕೆಳಗೊಂದು ವಾಟ್ಸಾಪ್ ನಂಬರ್. ಪಕ್ಕದಲ್ಲೇ ‘ಲೇಡಿ ಡಾಕ್ಟರ್ ಮಾತಾಡುತ್ತಾರೆ, ನಿಮ್ಮ ವಿಷಯ ಗುಟ್ಟಾಗಿರುತ್ತದೆ’ ಎಂಬ ಭರವಸೆ.

ಆ ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಎರಡನೆಯ ಮಾತು. ಹಾಗೆ ಜಾಹೀರಾತು ಕೊಡುವುದೇ ನಮ್ಮ ದೇಶದಲ್ಲಿ ಅಪರಾಧ. ಇಂದು ನಿನ್ನೆಯಿಂದಲ್ಲ, 1954ರ ಕಾಯ್ದೆಯಿಂದಲೇ. ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಮೋಸ ತಪ್ಪುತ್ತದೆ. ಉಳಿದರ್ಧ ತಪ್ಪಿಸಿಕೊಳ್ಳಲು ಲೇಬಲ್ ಓದುವುದನ್ನು ಕಲಿಯಬೇಕು, ದೂರು ಕೊಡುವ ಜಾಗ ತಿಳಿದಿರಬೇಕು. ಅದಕ್ಕಾಗಿಯೇ ಈ ಲೇಖನ. ಕೊಳ್ಳುವ ಹೆಣ್ಣುಮಕ್ಕಳಷ್ಟೇ ಅಲ್ಲ, ಅವರಿಗಾಗಿ ಅಂಗಡಿಗೆ ಹೋಗುವ, ಆನ್‌ಲೈನ್‌ನಲ್ಲಿ ಆರ್ಡರ್ ಮಾಡುವ ಗಂಡ, ಮಗ, ತಮ್ಮಂದಿರೂ ಓದಬೇಕಾದದ್ದು ಇದು.

ಹಳೆಯ ವ್ಯಾಪಾರ, ಹಳೆಯ ತಂತ್ರ

ಈ ವ್ಯಾಪಾರ ಹೊಸದಲ್ಲ. ಕಂಪನಿಯೊಂದು ತನ್ನದೇ ಪಾಕದಲ್ಲಿ ತಯಾರಿಸಿ, ಒಳಗೇನಿದೆ ಎಂದು ಹೇಳದೆ, ಬರೀ ಹೆಸರಿನ ಬಲದ ಮೇಲೆ ಮಾರುವ ಸರಕಿಗೆ ‘ಪೇಟೆಂಟ್ ಮೆಡಿಸಿನ್’ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಇವುಗಳದ್ದೇ ದರ್ಬಾರು. ಅವುಗಳಲ್ಲಿ ಬಲು ಪ್ರಸಿದ್ಧವಾದದ್ದು ಮ್ಯಾಸಚುಸೆಟ್ಸ್‌ನ ಲಿನ್ ಊರಿನ ಲಿಡಿಯಾ ಪಿಂಕ್‌ಹ್ಯಾಮ್ ಎಂಬ ಗೃಹಿಣಿಯ ಹೆಸರಿನ ‘ವೆಜಿಟೇಬಲ್ ಕಾಂಪೌಂಡ್’. 1875ರಲ್ಲಿ ಮಾರಾಟಕ್ಕೆ ಬಂತು. ಗರ್ಭಕೋಶ ಜಾರುವುದರಿಂದ ಹಿಡಿದು ಹೆಂಗಸರ ನಿಶ್ಶಕ್ತಿಯವರೆಗೆ ಎಲ್ಲಕ್ಕೂ ಖಚಿತ ಮದ್ದು ಎಂದು ಪ್ರಚಾರ ನಡೆಯಿತು. ಬಾಟಲಿಯೊಳಗೆ ಮೆಂತ್ಯದ ಬೀಜವೂ ಸೇರಿ ಕೆಲವು ಗಿಡಮೂಲಿಕೆಗಳಿದ್ದವು, ಜೊತೆಗೆ ಶೇಕಡಾ 18ರಷ್ಟು ಮದ್ಯಸಾರವಿತ್ತು. ಅಂದರೆ ಬಿಯರಿಗಿಂತ ಮೂರು ಪಟ್ಟಿಗೂ ಹೆಚ್ಚು. ಮದ್ಯ ಮುಟ್ಟುವುದಿಲ್ಲವೆಂದು ವ್ರತ ತೊಟ್ಟ ಹೆಂಗಸರೂ ಅದನ್ನು ಚಮಚದಲ್ಲಿ ಅಳೆದು ಕುಡಿಯುತ್ತಿದ್ದರು.

‘ನಿಮ್ಮ ತೊಂದರೆಯನ್ನು ಪಿಂಕ್‌ಹ್ಯಾಮ್ ತಾಯಿಗೆ ಬರೆಯಿರಿ, ಕಾಗದವನ್ನು ಹೆಂಗಸರಲ್ಲದೆ ಗಂಡಸರು ನೋಡುವುದಿಲ್ಲ’ ಎಂದು ಕಂಪನಿ ಜಾಹೀರಾತು ಕೊಡುತ್ತಿತ್ತು. ಕಾಗದಗಳು ಬರುತ್ತಿದ್ದವು, ಉತ್ತರವೂ ಹೋಗುತ್ತಿತ್ತು. ಆದರೆ ಆಕೆ ತೀರಿಕೊಂಡದ್ದು 1883ರಲ್ಲಿ. 1905ರಲ್ಲಿ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆ ಆಕೆಯ ಸಮಾಧಿಯ ಕಲ್ಲಿನ ಚಿತ್ರವನ್ನೇ ಅಚ್ಚು ಹಾಕಿದಾಗ ಓದುಗರಿಗೆ ಸತ್ಯ ತಿಳಿಯಿತು. ಇಂದಿನ ವಾಟ್ಸಾಪ್ ‘ಲೇಡಿ ಡಾಕ್ಟರ್’ ಯಾರು, ಎಲ್ಲಿ ಓದಿದವರು, ಅವರ ನೋಂದಣಿ ಸಂಖ್ಯೆ ಯಾವುದು ಎಂದು ಕೇಳಬೇಕಾದದ್ದು ಇದಕ್ಕೇ.

ಅಮೆರಿಕ ಸರ್ಕಾರ ಕೈಹಾಕಿದ್ದು 1906ರ ಶುದ್ಧ ಆಹಾರ ಮತ್ತು ಔಷಧ ಕಾಯ್ದೆಯ ಮೂಲಕ. ಮದ್ಯಸಾರ, ಅಫೀಮು, ಮಾರ್ಫಿನ್, ಕೊಕೇನ್‌ನಂಥವು ಇದ್ದರೆ ಲೇಬಲ್ ಮೇಲೆ ಬರೆಯಲೇಬೇಕಾಯಿತು. ಆದರೆ 1911ರಲ್ಲಿ ಕ್ಯಾನ್ಸರ್ ಮದ್ದಿನ ಪ್ರಕರಣವೊಂದರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬೇರೆಯೇ ಅರ್ಥ ಮಾಡಿತು: ಒಳಗೇನಿದೆ ಎಂಬ ಬಗ್ಗೆ ಸುಳ್ಳು ಹೇಳಿದರೆ ಮಾತ್ರ ಈ ಕಾಯ್ದೆ ಅನ್ವಯ, ‘ಕಾಯಿಲೆ ವಾಸಿಮಾಡುತ್ತದೆ’ ಎಂಬ ಸುಳ್ಳಿಗೆ ಅಲ್ಲ. ಮರುವರ್ಷ ಶೆರ್ಲಿ ತಿದ್ದುಪಡಿ ಬಂದು ವಾಸಿಮಾಡುವ ಸುಳ್ಳೂ ಅಪರಾಧವಾಯಿತಾದರೂ, ಮಾರುವವನಿಗೆ ಮೋಸ ಮಾಡುವ ಉದ್ದೇಶವಿತ್ತೆಂದು ಸರ್ಕಾರವೇ ಸಾಬೀತು ಮಾಡಬೇಕಿತ್ತು. ‘ನಾನು ನಂಬಿಯೇ ಮಾರಿದೆ’ ಎಂದವನು ಪಾರಾಗಬಹುದಿತ್ತು. ಆದರೂ ಅಧಿಕಾರಿಗಳು ರಾಜ್ಯದಿಂದ ರಾಜ್ಯಕ್ಕೆ ಸಾಗುತ್ತಿದ್ದ ಪೆಟ್ಟಿಗೆಗಳನ್ನು ಹಿಡಿದು, ಕೋರ್ಟಿನ ಆದೇಶ ಪಡೆದು ಸರಕು ನಾಶಮಾಡಿಸಿದರು, ತೀರ್ಪುಗಳನ್ನು ಅಚ್ಚು ಮಾಡಿ ಹಂಚಿದರು. ಒತ್ತಡ ಬಿದ್ದಂತೆ ಪಿಂಕ್‌ಹ್ಯಾಮ್ ಲೇಬಲ್ಲಿನ ಮಾತೂ ತಗ್ಗುತ್ತ ಹೋಯಿತು. ‘ಖಚಿತ ಮದ್ದು’ ಎಂದು ಶುರುವಾದದ್ದು 1920ರ ದಶಕದ ಹೊತ್ತಿಗೆ ‘ಈ ಔಷಧ ಯಾವ ಸ್ಥಿತಿಗೆ ಹೊಂದುತ್ತದೋ ಆ ಸ್ಥಿತಿಗೆ ಸಸ್ಯಜನ್ಯ ಟಾನಿಕ್’ ಎಂಬಲ್ಲಿಗೆ ಬಂದು ನಿಂತಿತು. ಓದಿದರೆ ಏನೋ ಹೇಳಿದಂತಿದೆ, ಹೇಳಿದ್ದೇನೂ ಇಲ್ಲ.

1937ರಲ್ಲಿ ‘ಎಲಿಕ್ಸಿರ್ ಸಲ್ಫಾನಿಲಮೈಡ್’ ಎಂಬ ದ್ರವ ಔಷಧ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಆಗ ಸರ್ಕಾರದ ಕೈಯಲ್ಲಿದ್ದ ಆರೋಪ ಒಂದೇ: ‘ಎಲಿಕ್ಸಿರ್’ ಎಂದು ಬರೆಯಲು ಅದರಲ್ಲಿ ಮದ್ಯಸಾರ ಇರಬೇಕಿತ್ತು, ಇರಲಿಲ್ಲ. ಜನ ಸತ್ತದ್ದಕ್ಕಲ್ಲ, ಲೇಬಲ್ ತಪ್ಪಿದ್ದಕ್ಕೆ ಸರಕು ಹಿಡಿಯಬೇಕಾಯಿತು. ಈ ದುರಂತದ ಮರುವರ್ಷ, 1938ರಲ್ಲಿ, ಮಾರುಕಟ್ಟೆಗೆ ಬಿಡುವ ಮೊದಲೇ ಹೊಸ ಔಷಧದ ಸುರಕ್ಷತೆ ತೋರಿಸಬೇಕೆಂಬ ಕಾಯ್ದೆ ಬಂತು. ಮೋಸದ ಉದ್ದೇಶ ಸಾಬೀತು ಮಾಡಬೇಕೆಂಬ ಷರತ್ತೂ ಹೋಯಿತು.

ನಮ್ಮ ಕಾಯ್ದೆಯಲ್ಲಿ ಏನಿದೆ

ನಮ್ಮಲ್ಲಿ ಎರಡು ಕಾಯ್ದೆಗಳು ಮುಖ್ಯ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ತಯಾರಿಕೆ, ಲೈಸೆನ್ಸ್, ಲೇಬಲ್‌ಗಳನ್ನು ನೋಡಿಕೊಳ್ಳುತ್ತದೆ. 1964ರ ತಿದ್ದುಪಡಿಯಿಂದ ಆಯುರ್ವೇದ ಮತ್ತು ಯುನಾನಿ ಔಷಧಗಳಿಗೂ ಅದರಲ್ಲೇ ಪ್ರತ್ಯೇಕ ಅಧ್ಯಾಯ ಸೇರಿತು. ಎರಡನೆಯದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ. ಹೆಣ್ಣುಮಕ್ಕಳು ನೆನಪಿಟ್ಟುಕೊಳ್ಳಬೇಕಾದದ್ದು ಈ ಎರಡನೆಯದನ್ನು.

ಇದರ 3ನೆಯ ಕಲಮು ಯಾವ ಯಾವ ಉದ್ದೇಶಕ್ಕೆ ಔಷಧದ ಜಾಹೀರಾತು ಕೊಡಬಾರದು ಎಂದು ಹೇಳುತ್ತದೆ. ಗರ್ಭಪಾತ, ಗರ್ಭನಿರೋಧ, ಲೈಂಗಿಕ ಶಕ್ತಿ ಹೆಚ್ಚಿಸುವುದು, ಮುಟ್ಟಿನ ದೋಷ ಸರಿಪಡಿಸುವುದು ಇವೆಲ್ಲ ಅದರಲ್ಲಿವೆ. ಜೊತೆಗೆ 54 ಕಾಯಿಲೆಗಳ ಪಟ್ಟಿಯೊಂದಿದೆ. ಗರ್ಭಕೋಶದ ತೊಂದರೆ, ಮುಟ್ಟಿನ ಸ್ರಾವದ ಏರುಪೇರು, ಹೆಣ್ಣಿನ ಬಂಜೆತನ, ಸ್ತನದ ಆಕಾರ, ಬೊಜ್ಜು, ಅಷ್ಟೇ ಏಕೆ, ‘ಸ್ತ್ರೀರೋಗಗಳು’ ಎಂದೇ ಒಟ್ಟಾಗಿ ಬರೆದ ಒಂದು ನಮೂದೂ ಅಲ್ಲಿದೆ. ಇವನ್ನು ಪತ್ತೆಮಾಡುತ್ತೇನೆ, ತಡೆಯುತ್ತೇನೆ, ವಾಸಿಮಾಡುತ್ತೇನೆ ಎಂದು ಔಷಧದ ಜಾಹೀರಾತು ಕೊಡುವಂತಿಲ್ಲ. ಆಯುರ್ವೇದ, ಹೋಮಿಯೋಪತಿ, ಅಲೋಪತಿ ಎಂಬ ಭೇದವಿಲ್ಲ. ಇದೇ ಕಾಯ್ದೆ ತಾಯತ, ಮಂತ್ರ, ಕವಚಗಳಿಂದ ರೋಗ ವಾಸಿಯೆಂಬ ಪ್ರಚಾರವನ್ನೂ ತಡೆಯುತ್ತದೆ.

‘ಜಾಹೀರಾತು’ ಎಂದರೆ ಟಿವಿ, ಪತ್ರಿಕೆ ಮಾತ್ರ ಎಂದುಕೊಳ್ಳಬೇಡಿ. ಕರಪತ್ರ, ಲೇಬಲ್, ಹೊದಿಕೆಯ ಕಾಗದ, ಬಾಯಿಮಾತಿನ ಘೋಷಣೆ ಕೂಡ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಜಾತ್ರೆಯಲ್ಲಿ ಮೈಕ್ ಹಿಡಿದು ಮಾರುವವನಿಗೂ, ಪೆಟ್ಟಿಗೆಯ ಮೇಲೆ ‘ಗಡ್ಡೆ ಕರಗಿಸುತ್ತದೆ’ ಎಂದು ಅಚ್ಚು ಹಾಕಿಸಿದ ಕಂಪನಿಗೂ ಒಂದೇ ಕಾನೂನು. ನೋಂದಾಯಿತ ವೈದ್ಯರು ತಮ್ಮ ಆಸ್ಪತ್ರೆಯ ಮುಂದೆ ‘ಇಲ್ಲಿ ಇಂಥ ಕಾಯಿಲೆಗೆ ಚಿಕಿತ್ಸೆ ಇದೆ’ ಎಂದು ಬೋರ್ಡ್ ಹಾಕಿಕೊಳ್ಳುವುದಕ್ಕೆ ವಿನಾಯಿತಿ ಇದೆ. ಮೊದಲ ಸಲ ತಪ್ಪು ಸಾಬೀತಾದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಜೈಲು. ಪೊಲೀಸರೇ ಪ್ರಕರಣ ದಾಖಲಿಸಬಹುದಾದ ಅಪರಾಧವಿದು.

ಈ ಕಾಯ್ದೆ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಕಂಪನಿಗಳು ಕೋರ್ಟಿಗೆ ಹೋಗಿದ್ದವು. 1959ರ ಹಮ್‌ದರ್ದ್ ದವಾಖಾನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಲವು ಭಾಗಗಳನ್ನು ತೆಗೆದುಹಾಕಿದರೂ ಕಾಯ್ದೆಯ ತಿರುಳನ್ನು ಎತ್ತಿಹಿಡಿಯಿತು. ಸಂಸತ್ತು 1963ರಲ್ಲಿ ತಿದ್ದುಪಡಿ ಮಾಡಿತು. ಭಾರತೀಯ ವೈದ್ಯಕೀಯ ಸಂಘ ಹೂಡಿದ ಪ್ರಕರಣದಲ್ಲಿ 2025ರ ಮಾರ್ಚ್ 26ರಂದು ಸುಪ್ರೀಂ ಕೋರ್ಟ್, ಇಂಥ ಜಾಹೀರಾತುಗಳ ಬಗ್ಗೆ ಜನ ದೂರು ಕೊಡಲು ಎರಡು ತಿಂಗಳೊಳಗೆ ವ್ಯವಸ್ಥೆ ಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಕಾನೂನು ಇದೆ, ಕೋರ್ಟು ಬೆನ್ನಿಗಿದೆ. ಕೊರತೆಯಿರುವುದು ದೂರುಗಳದ್ದು. ಕಾರಣ ಎಲ್ಲರಿಗೂ ಗೊತ್ತು: ಬಿಳಿಸೆರಗಿನ ಔಷಧದಲ್ಲಿ ಮೋಸ ಹೋದೆ ಎಂದು ಯಾವ ಹೆಂಗಸು ಕಚೇರಿಯಲ್ಲಿ ನಿಂತು ಹೇಳುತ್ತಾಳೆ? ಈ ವ್ಯಾಪಾರ ನಡೆಯುತ್ತಿರುವುದೇ ಆ ನಾಚಿಕೆಯ ಮೇಲೆ.

ಪೆಟ್ಟಿಗೆ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು

ಮುಂಬದಿಯ ದೊಡ್ಡ ಅಕ್ಷರ ಬಿಡಿ. ಪೆಟ್ಟಿಗೆ ತಿರುಗಿಸಿ ಸಣ್ಣ ಅಕ್ಷರ ಓದಿ. ಅಕ್ಷರ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಿ. ಒಳಗಿರುವುದು ನಾಲ್ಕು ಬಗೆಗಳಲ್ಲಿ ಯಾವುದು ಎಂಬುದು ಮೊದಲ ಪ್ರಶ್ನೆ.

ಒಂದು, ಅಲೋಪತಿ ಔಷಧ. ಔಷಧದ ಮೂಲ ಹೆಸರು, ಪ್ರಮಾಣ, ಬ್ಯಾಚ್ ನಂಬರ್, ತಯಾರಿಕೆಯ ಲೈಸೆನ್ಸ್ ನಂಬರ್, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ ಇರಲೇಬೇಕು. ಎಡಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆಯೂ ‘ಆರ್‌ಎಕ್ಸ್’ ಗುರುತೂ ಇದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳುವಂತಿಲ್ಲ. ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡಲು ಅಂಗಡಿಯಿಂದ ನೇರವಾಗಿ ತಂದು ನುಂಗುವ ನಾರ್ಎಥಿಸ್ಟೆರಾನ್ ಮಾತ್ರೆ ಈ ಗುಂಪಿನದು. ರಕ್ತ ಹೆಪ್ಪುಗಟ್ಟುವ ತೊಂದರೆ ಅಥವಾ ಲಿವರ್ ಕಾಯಿಲೆ ಇದ್ದವರಿಗೆ ಅದು ಅಪಾಯ ತರಬಹುದು. ಅಕ್ಕ ನುಂಗಿದಳೆಂದು ತಂಗಿಗೂ ಕೊಡುವಂಥದ್ದಲ್ಲ.

ಎರಡು, ಆಯುರ್ವೇದ ಔಷಧ. ಇದರಲ್ಲೂ ಎರಡು ವಿಧ. ಅಶೋಕಾರಿಷ್ಟದಂಥವು ಗ್ರಂಥೋಕ್ತ ಔಷಧ, ಪಾಕ ಹಳೆಯ ಗ್ರಂಥದಲ್ಲೇ ಇದೆ. ‘ಪ್ರೊಪ್ರೈಟರಿ ಮೆಡಿಸಿನ್’ ಎಂದು ಬರೆದಿದ್ದರೆ ಮೂಲಿಕೆಗಳು ಗ್ರಂಥದವು, ಆದರೆ ಬೆರಕೆ ಕಂಪನಿಯ ಸ್ವಂತದ್ದು. ‘ಐದು ಸಾವಿರ ವರ್ಷಗಳ ಪರಂಪರೆ’ ಎಂಬ ಮಾತು ಆ ಬೆರಕೆಗೆ ಸಲ್ಲುವುದಿಲ್ಲ. ಎರಡರಲ್ಲೂ ಪ್ರತಿ ಮೂಲಿಕೆಯ ಹೆಸರು, ಪ್ರಮಾಣ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಕರ ಪೂರ್ತಿ ವಿಳಾಸ ಇರಬೇಕು. ಪಾದರಸ, ಪಾಷಾಣ, ದತ್ತೂರಿ, ಗುಲಗಂಜಿಯಂಥ ವಿಷದ್ರವ್ಯ ಸೇರಿದ್ದರೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಿ’ ಎಂಬ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. ಆ ಸಾಲು ಕಂಡರೆ ಬಸುರಿಯರು, ಬಾಣಂತಿಯರು ತಾವಾಗಿಯೇ ಕುಡಿಯಲೇಬಾರದು. ಅರಿಷ್ಟ, ಆಸವಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ, ಎಷ್ಟೆಂದು ಲೇಬಲ್‌ನಲ್ಲಿ ನೋಡಿ.

ಮೂರು, ಆಹಾರ. ಇಲ್ಲೇ ಹೆಚ್ಚು ಜನ ಮೋಸಹೋಗುವುದು. ಪಿಸಿಓಎಸ್‌ಗೆಂದು (ಪಿಸಿಓಡಿ ಎನ್ನುವುದೂ ಇದನ್ನೇ) ಮಾರುವ ಪುಡಿ, ಚಹಾ, ಗಮ್ಮಿಗಳಲ್ಲಿ ಹಲವು ಔಷಧವೇ ಅಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಅದು ಆಹಾರವೆಂದು ಲೈಸೆನ್ಸ್ ಪಡೆದ ಸರಕು. ಅದರ ಮೇಲೆ ‘ಹೆಲ್ತ್ ಸಪ್ಲಿಮೆಂಟ್’, ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಎಂದಿರುತ್ತದೆ. ಅಂದರೆ ಔಷಧವಾಗಿ ಬಳಸತಕ್ಕದ್ದಲ್ಲ ಎಂದು ಕಂಪನಿಯೇ ಬರೆದುಕೊಟ್ಟಿದೆ. ಮುಂಬದಿಯಲ್ಲಿ ‘ಪಿಸಿಓಎಸ್ ಗೆ ಪರಿಹಾರ’, ಹಿಂಬದಿಯಲ್ಲಿ ಈ ಸಾಲು ಎರಡೂ ಕಂಡರೆ ಪೆಟ್ಟಿಗೆಯನ್ನು ಕೆಳಗಿಟ್ಟು ಬನ್ನಿ. ದಾರಿತಪ್ಪಿಸುವ ಆಹಾರ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ.

ನಾಲ್ಕು, ಸೌಂದರ್ಯವರ್ಧಕ. ಸ್ತನದ ಕ್ರೀಮು, ಬಿಳಿಚರ್ಮದ ಕ್ರೀಮು, ಜನನಾಂಗ ತೊಳೆಯುವ ದ್ರವ ಈ ಹೆಸರಿನಲ್ಲಿ ಬರುತ್ತವೆ. ಮೈಮೇಲೆ ಹಚ್ಚಲು, ತೊಳೆಯಲು, ಚೆಂದ ಕಾಣಿಸಲು ಮಾತ್ರ ಲೈಸೆನ್ಸ್ ಇರುವ ವಸ್ತು ಸೋಂಕು ವಾಸಿಮಾಡುತ್ತದೆ ಎಂದರೆ ನಂಬಬೇಡಿ.

ಈ ನಾಲ್ಕರಲ್ಲಿ ಯಾವುದಕ್ಕೂ ಸೇರದೆ, ಲೈಸೆನ್ಸ್ ನಂಬರೂ ವಿಳಾಸವೂ ಇಲ್ಲದೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಪುಡಿಯೋ ಗುಳಿಗೆಯೋ ಬಂದರೆ, ಕೊಟ್ಟವರು ಎಷ್ಟೇ ಬೇಕಾದವರಾಗಲಿ, ಸೇವಿಸಬೇಡಿ.

ಈ ಮಾತುಗಳು ಕಂಡರೆ ಎಚ್ಚರ

‘ಆಯುಷ್ ಸಚಿವಾಲಯದಿಂದ ಅನುಮೋದಿತ’: ಸಚಿವಾಲಯ ಯಾವ ಕಂಪನಿಯ ಔಷಧಕ್ಕೂ ಪ್ರಮಾಣಪತ್ರ ಕೊಡುವುದಿಲ್ಲ. ತಯಾರಿಕೆಯ ಲೈಸೆನ್ಸ್ ಕೊಡುವುದು ರಾಜ್ಯ.

‘ಎಫ್‌ಡಿಎ ಅನುಮೋದಿತ ಸಪ್ಲಿಮೆಂಟ್’: ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಫ್‌ಡಿಎ ಸಪ್ಲಿಮೆಂಟ್‌ಗಳನ್ನು ಅನುಮೋದಿಸುವುದೇ ಇಲ್ಲ.

‘ಐಎಸ್‌ಒ’, ‘ಜಿಎಂಪಿ’: ಇವು ಕಾರ್ಖಾನೆಯ ನಿರ್ವಹಣೆ, ಸ್ವಚ್ಛತೆಗೆ ಸಂಬಂಧಿಸಿದವು. ನಿಮ್ಮ ಗಡ್ಡೆ ಕರಗುತ್ತದೆ ಎನ್ನುವುದಕ್ಕೆ ಸಾಕ್ಷಿಯಲ್ಲ.

‘ಗಿಡಮೂಲಿಕೆ, ಆದ್ದರಿಂದ ಅಡ್ಡಪರಿಣಾಮ ಇಲ್ಲ’: ಗಿಡದಿಂದ ಬಂದದ್ದೆಲ್ಲ ಸೌಮ್ಯವಲ್ಲ. ಪೆಟ್ಟಿಗೆಯ ಮೇಲೆ ಬರೆಯದ್ದು ಒಳಗಿರುವುದೂ ಉಂಟು. ಹರ್ಬಲ್ ಎಂದು ಮಾರುತ್ತಿದ್ದ ತೂಕ ಇಳಿಸುವ ಗುಳಿಗೆಗಳಲ್ಲಿ, ಹೃದಯಕ್ಕೆ ಹಾನಿಯೆಂದು ನಿಷೇಧವಾದ ಸಿಬುಟ್ರಮೈನ್ ಸಿಕ್ಕಿದೆ. ನೋವಿನ ಪುಡಿಗಳಲ್ಲಿ ಸ್ಟೆರಾಯ್ಡ್ ಸಿಕ್ಕಿದೆ. ಎರಡೇ ದಿನದಲ್ಲಿ ನೋವು ಮಾಯವಾದರೆ ಖುಷಿಪಡುವ ಮೊದಲು ಅನುಮಾನಪಡಿ. ನ್ಯೂಯಾರ್ಕ್‌ನಲ್ಲಿ 2011–12ರಲ್ಲಿ ಆರು ಗರ್ಭಿಣಿಯರ ರಕ್ತದಲ್ಲಿ ಸೀಸದ ವಿಷ ಪತ್ತೆಯಾಯಿತು, ಐವರು ಭಾರತದಲ್ಲಿ ಹುಟ್ಟಿದವರು. ಮೂಲ ಹುಡುಕಿದಾಗ ಸಿಕ್ಕಿದ್ದು ಭಾರತದಿಂದ ಬಂದ ಆಯುರ್ವೇದ ಹೆಸರಿನ ಔಷಧಗಳು. ಊರಿನಿಂದ ವಿದೇಶಕ್ಕೆ ಹೋಗುವ ಮಗಳ ಸೂಟ್‌ಕೇಸಿಗೆ ಔಷಧ ತುಂಬುವ ತಾಯಂದಿರು ಇದನ್ನು ಗಮನಿಸಬೇಕು.

‘ಗಂಡು ಮಗುವಾಗುವ ಔಷಧಿ’: ಇಂಥದ್ದೊಂದು ಇಲ್ಲವೇ ಇಲ್ಲ. ಔಷಧದಿಂದ ಭ್ರೂಣದ ಲಿಂಗ ಬದಲಿಸುತ್ತೇನೆ ಎಂದು ಹೇಳಿಕೊಳ್ಳುವುದನ್ನು ಔಷಧ ನಿಯಮಗಳೇ ನಿಷೇಧಿಸಿವೆ. ಲಿಂಗ ಆಯ್ಕೆಯ ಜಾಹೀರಾತು ಕೊಡುವುದು ಲಿಂಗಪತ್ತೆ ತಡೆ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲಿಗೆ ಕಾರಣವಾಗುವ ಅಪರಾಧ.

ಔಷಧ ಹುಡುಕುವ ಮೊದಲು ತಪಾಸಣೆ

ಸುಳ್ಳು ಲೇಬಲ್ಲಿನಿಂದಾಗುವ ದೊಡ್ಡ ನಷ್ಟ ಹಣದ್ದಲ್ಲ, ಕಾಲದ್ದು. ಆರು ತಿಂಗಳು ಸಿರಪ್ ಕುಡಿಯುತ್ತ ಕುಳಿತಾಗ ಒಳಗಿನ ಕಾಯಿಲೆ ಬೆಳೆಯುತ್ತಿರುತ್ತದೆ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಸಂಭೋಗದ ನಂತರ ರಕ್ತ ಬಂದರೆ, ವಾಸನೆಯ ಅಥವಾ ರಕ್ತ ಬೆರೆತ ಸ್ರಾವವಿದ್ದರೆ, ಮುಟ್ಟು ಏಳು ದಿನ ದಾಟಿದರೆ, ಗಂಟೆಗೊಂದು ಪ್ಯಾಡ್ ಒದ್ದೆಯಾಗುತ್ತಿದ್ದರೆ, ಸ್ತನದಲ್ಲಿ ಗಂಟು ಸಿಕ್ಕರೆ, ಯಾವ ಟಾನಿಕ್ಕನ್ನೂ ನೆಚ್ಚದೆ ಸ್ತ್ರೀರೋಗ ತಜ್ಞರಲ್ಲಿ ಹೋಗಿ. ಗರ್ಭಕಂಠದ ಕ್ಯಾನ್ಸರ್ ಬೇಗ ಪತ್ತೆಯಾದರೆ ವಾಸಿಯಾಗುವ ಕಾಯಿಲೆ.

ಜಾಹೀರಾತು ಮಾರುವ ಎಷ್ಟೋ ತೊಂದರೆಗಳಿಗೆ ನಿಜವಾದ ಚಿಕಿತ್ಸೆ ಇದೆ. ಗರ್ಭಕೋಶ ಜಾರಿದ್ದರೆ ವ್ಯಾಯಾಮ, ಒಳಗಿಡುವ ರಿಂಗ್, ಬೇಕಾದರೆ ಶಸ್ತ್ರಚಿಕಿತ್ಸೆ ಇದೆ. ಪಿಸಿಓಎಸ್ ಅನ್ನು ಶಾಶ್ವತವಾಗಿ ತೊಲಗಿಸುವ ಗುಳಿಗೆ ಇಲ್ಲ, ಆದರೆ ತೂಕ, ಊಟ, ವ್ಯಾಯಾಮ ಮತ್ತು ವೈದ್ಯರು ಕೊಡುವ ಔಷಧದಿಂದ ಹತೋಟಿಯಲ್ಲಿಡಬಹುದು. ಬಿಳಿಸ್ರಾವ ಎಲ್ಲ ಸಲವೂ ಕಾಯಿಲೆಯಲ್ಲ. ತಿಂಗಳ ನಡುವೆ ತಿಳಿಯಾಗಿ, ವಾಸನೆಯಿಲ್ಲದೆ, ತುರಿಕೆಯಿಲ್ಲದೆ ಬರುವುದು ಸಹಜ. ಆ ಸಹಜವನ್ನೇ ರೋಗವೆಂದು ಹೆದರಿಸಿ ಮಾರುವವರು ಬಹಳ. ಸುಸ್ತು, ತಲೆಸುತ್ತು ಇದ್ದರೆ ‘ರಕ್ತ ಹೆಚ್ಚಿಸುವ’ ದುಬಾರಿ ಬಾಟಲಿಗೆ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶದ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಗರ್ಭಿಣಿಯರಿಗೆ ದಿನಕ್ಕೊಂದರಂತೆ 180 ದಿನ ಕೊಡುತ್ತಾರೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ 104 ಆರೋಗ್ಯ ಸಹಾಯವಾಣಿಯನ್ನೋ ಕೇಳಿ.

ಇದು ಆಯುರ್ವೇದದ ವಿರುದ್ಧದ ಮಾತಲ್ಲ. ಓದಿದ, ನೋಂದಾಯಿತ ಆಯುರ್ವೇದ ವೈದ್ಯರು ನಾಡಿ ನೋಡಿ, ವಿವರ ಕೇಳಿ, ಬೇಕಾದರೆ ಸ್ಕ್ಯಾನ್ ಮಾಡಿಸಿ ಔಷಧ ಕೊಡುತ್ತಾರೆ. ರೋಗಿಯ ಮುಖವನ್ನೇ ನೋಡದೆ ಕೊರಿಯರ್‌ನಲ್ಲಿ ಕಳಿಸುವವರು ಅವರಿಗೂ ಮರ್ಯಾದೆ ಉಳಿಸುವುದಿಲ್ಲ.

ದೂರು ಕೊಡುವ ಬಗೆ

ಮೊದಲು ಸಾಕ್ಷಿ ಕೂಡಿಡಿ. ಪೆಟ್ಟಿಗೆಯ ಎಲ್ಲ ಬದಿಗಳ ಫೋಟೊ, ಒಳಗಿನ ಕರಪತ್ರ, ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್ ಮತ್ತು ಅದು ಕಂಡ ದಿನಾಂಕ, ವಾಟ್ಸಾಪ್ ಮಾತುಕತೆ, ಹಣ ಕಳಿಸಿದ ದಾಖಲೆ ಜೊತೆಗಿರಲಿ. ಉಳಿದ ಔಷಧವನ್ನು ಎಸೆಯಬೇಡಿ, ಪರೀಕ್ಷೆಗೆ ಅದೇ ಬೇಕು. ಅಲೋಪತಿ ಔಷಧವೋ ಸೌಂದರ್ಯವರ್ಧಕವೋ ಆದರೆ, ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯುವ ಹಕ್ಕನ್ನು 1940ರ ಕಾಯ್ದೆಯ 26ನೆಯ ಕಲಮು ಪ್ರತಿಯೊಬ್ಬರಿಗೂ ಕೊಟ್ಟಿದೆ.

ಆಮೇಲೆ ಎಲ್ಲಿಗೆ? ಅಲೋಪತಿಯಾದರೆ ರಾಜ್ಯದ ಔಷಧ ನಿಯಂತ್ರಣಾಧಿಕಾರಿಗಳಿಗೆ. ಆಯುರ್ವೇದ, ಯುನಾನಿಯಾದರೆ ರಾಜ್ಯದ ಆಯುಷ್ ಇಲಾಖೆಗೆ, ಅಥವಾ 2025ರ ಮೇ ತಿಂಗಳಲ್ಲಿ ಶುರುವಾದ ‘ಆಯುಷ್ ಸುರಕ್ಷಾ’ ಪೋರ್ಟಲ್‌ಗೆ. ಆಹಾರ, ಸಪ್ಲಿಮೆಂಟ್ ಆದರೆ ಎಫ್‌ಎಸ್‌ಎಸ್‌ಎಐಗೆ. ಯಾವುದೆಂದು ತಿಳಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾಧಿಕಾರಿಗೂ ದೂರು ಕೊಡಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ತಪ್ಪಿಗೆ ಹತ್ತು ಲಕ್ಷ, ಮತ್ತೆ ಮಾಡಿದರೆ ಐವತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಪ್ರಚಾರ ಮಾಡಿದ ನಟ ನಟಿಯರಿಗೂ ಒಂದು ವರ್ಷದವರೆಗೆ ಜಾಹೀರಾತಿನಿಂದ ನಿಷೇಧ ಹೇರಬಹುದು. ಹಣ ವಾಪಸ್, ಪರಿಹಾರ ಬೇಕಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ‘ಇ-ಜಾಗೃತಿ’ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಔಷಧ ಸೇವಿಸಿ ತೊಂದರೆಯಾಗಿದ್ದರೆ ಚಿಕಿತ್ಸೆ ಮೊದಲು. ನಂತರ ಔಷಧದ ಅಡ್ಡಪರಿಣಾಮ ದಾಖಲಿಸುವ ಸಹಾಯವಾಣಿ 1800-180-3024ಕ್ಕೆ ತಿಳಿಸಿ.

ದೂರು ಉದ್ದ ಬೇಕಿಲ್ಲ. ಹೀಗಿದ್ದರೆ ಸಾಕು:

‘ಇಂಥ ಹೆಸರಿನ ಸಿರಪ್ (ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್, ತಯಾರಕರ ವಿಳಾಸ) ಗರ್ಭಕೋಶದ ಗಡ್ಡೆಯನ್ನು ವಾಸಿಮಾಡುತ್ತದೆ ಎಂದು ಲೇಬಲ್ ಮೇಲೂ, ಇಂಥ ದಿನಾಂಕದಂದು ಇಂಥ ಕಡೆ ಬಂದ ಜಾಹೀರಾತಿನಲ್ಲೂ ಹೇಳಲಾಗಿದೆ. ಇದು ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ 1954ರ 3ನೆಯ ಕಲಮಿನ ಉಲ್ಲಂಘನೆ. ಫೋಟೊ, ಬಿಲ್ಲು ಲಗತ್ತಿಸಿದ್ದೇನೆ. ದಯವಿಟ್ಟು ಕ್ರಮ ಕೈಗೊಂಡು ನನಗೆ ತಿಳಿಸಬೇಕಾಗಿ ವಿನಂತಿ.’

ಇದರಲ್ಲಿ ನಿಮ್ಮ ಕಾಯಿಲೆಯ ಹೆಸರು ಎಲ್ಲೂ ಇಲ್ಲ, ಗಮನಿಸಿ. ಜಾಹೀರಾತು ತಪ್ಪು ಎನ್ನುವುದಕ್ಕೆ ನೀವು ರೋಗಿಯಾಗಿರಬೇಕಿಲ್ಲ, ಆ ಔಷಧ ಕೊಂಡಿರಲೂ ಬೇಕಿಲ್ಲ. ನೋಡಿದ ಯಾರು ಬೇಕಾದರೂ ದೂರು ಕೊಡಬಹುದು. ಗಂಡಸರು ಕೊಡಬಹುದು, ಕಾಲೇಜಿನ ಮಕ್ಕಳು ಕೊಡಬಹುದು, ಸ್ತ್ರೀಶಕ್ತಿ ಸಂಘದವರು ಎಲ್ಲರೂ ಸಹಿ ಹಾಕಿ ಒಟ್ಟಾಗಿ ಕೊಡಬಹುದು. ಸ್ವೀಕೃತಿ ಪತ್ರವನ್ನೋ ದೂರಿನ ಸಂಖ್ಯೆಯನ್ನೋ ತಪ್ಪದೆ ಪಡೆಯಿರಿ. ತಿಂಗಳಾದರೂ ಉತ್ತರವಿಲ್ಲದಿದ್ದರೆ ‘ನನ್ನ ದೂರಿನ ಮೇಲೆ ಏನು ಕ್ರಮವಾಯಿತು’ ಎಂದು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಅರ್ಜಿ ಹಾಕಿ.

ಅಮೆರಿಕದಲ್ಲಿ 1906ರಿಂದ 1938ರವರೆಗೆ, ಸುಳ್ಳು ಲೇಬಲ್ಲಿಗೆ ಕಡಿವಾಣ ಬೀಳಲು ಮೂವತ್ತೆರಡು ವರ್ಷ ಬೇಕಾಯಿತು, ಏಕೆಂದರೆ ಕಾನೂನಿನಲ್ಲೇ ತೂತುಗಳಿದ್ದವು. ನಮ್ಮ ಕೈಯಲ್ಲಿರುವ ಕಾನೂನು ಮುಟ್ಟು, ಗರ್ಭಕೋಶ, ಬಂಜೆತನವನ್ನು ಹೆಸರಿಟ್ಟೇ ಹೇಳಿದೆ. ಅದನ್ನು ಬಳಸಲು ಬೇಕಾದದ್ದು ಒಂದು ಫೋಟೊ ಮತ್ತು ಮೇಲಿನ ನಾಲ್ಕು ಸಾಲು. ಮುಂದಿನ ಸಲ ಅಂಥ ಜಾಹೀರಾತು ಕಂಡಾಗ ಮುಖ ತಿರುಗಿಸಬೇಡಿ, ಫೋಟೊ ತೆಗೆದು ದೂರು ಕೊಡಿ. ನೀವು ಮೋಸಹೋಗದಿದ್ದರೂ, ಅದೇ ನಂಬರಿಗೆ ಫೋನ್ ಮಾಡಲು ಹೊರಟ ಇನ್ನೊಬ್ಬ ಹೆಣ್ಣುಮಗಳು ಉಳಿದುಕೊಳ್ಳುತ್ತಾಳೆ.